ನೀಲಿ ದೀಪಕ್ಕೆ ಕಟ್ಟಿದ ಕರಿಬಟ್ಟೆ

ನಮ್ಮ ಮನೆಗೆ ಏಸಿ ಬಂದದ್ದು ಹವಳಕ್ಕಾಗಿ, ನನಗಾಗಿ ಅಲ್ಲ.

ದೆಹಲಿಯ ಕೋಟ್ಲಾದಲ್ಲಿ, ನಮ್ಮ ಹೋಟೆಲಿನ ಮೇಲುಮಹಡಿಯಲ್ಲಿ ನಾವಿರುವುದು. ಮದುವೆಯಾಗಿ ಬಂದಾಗಿನಿಂದ ಅಲ್ಲಿನ ಒಂದೊಂದು ಬೇಸಿಗೆಯನ್ನೂ ನಾನು ಒದ್ದೆ ಟವೆಲು ಹೊದ್ದು, ಕೂಲರಿನ ಹುಲ್ಲಿನ ವಾಸನೆ ಕುಡಿದು ಕಳೆದಿದ್ದೇನೆ. ಕೆಳಗೆ ದೋಸೆಕಲ್ಲು, ಮೇಲೆ ಬಿಸಿಲು, ನಡುವೆ ನಾನು. ಹರಿಣಾಕ್ಷಿಗೆ ಸೆಕೆಯಾಗುತ್ತದೆ ಎಂದು ನನ್ನ ಯಜಮಾನರು ಐತಪ್ಪನವರಿಗೆ ಒಂದು ದಿನವೂ ತೋರಲಿಲ್ಲ. ಹೋಟೆಲನ್ನು ಮಗ ಸುಶಾಂತನ ಕೈಗೆ ಕೊಟ್ಟು ಮನೆಯಲ್ಲಿ ಕೂತ ಮೇಲೆ ಇವರು ಹಾಲ್‌ನಲ್ಲಿ ಒಂದು ಗಾಜಿನ ತೊಟ್ಟಿ ಇಟ್ಟರು, ಅದಕ್ಕೆ ಉಪ್ಪುನೀರು ತುಂಬಿಸಿದರು, ಒಳಗೆ ಎರಡು ಕಿತ್ತಳೆ ಬಣ್ಣದ ಮೀನು ಮತ್ತು ಜೀವ ಇರುವ ಹವಳ ಬಿಟ್ಟರು. ತೊಟ್ಟಿಯ ಮೇಲಿನ ದೊಡ್ಡ ದೀಪದಿಂದ ನೀರು ಬಿಸಿಯಾಗುತ್ತದೆ ಎಂದು ಗೊತ್ತಾದ ವಾರವೇ ಏಸಿ ಬಂತು. ಗೋಡೆಗೆ ಅದನ್ನು ಕೂರಿಸಿದ್ದು ಕೂಡ ತೊಟ್ಟಿಗೆ ನೇರವಾಗಿ. ಅದರ ಗಾಳಿ ನನ್ನ ಮಂಚದವರೆಗೆ ಬರುವಷ್ಟರಲ್ಲಿ ದೆಹಲಿಯ ಗಾಳಿಯೇ ಆಗಿರುತ್ತಿತ್ತು.

ಈ ಮನುಷ್ಯ ಇದಕ್ಕೂ ಮುಂಚೆ ಯಾವುದಕ್ಕೆಲ್ಲ ಮನಸೋತಿದ್ದರು ಎಂಬುದು ನನಗೆ ಸಾಲಾಗಿ ನೆನಪಿದೆ. ಮೊದಲು ಹೋಟೆಲಿಗೆ ಬಂದ ಕೊಯಮತ್ತೂರಿನ ಗ್ರೈಂಡರು. ಅದಕ್ಕೆ ಕುಂಕುಮ ಹಚ್ಚಿ, ಚಳಿಗಾಲದಲ್ಲಿ ಗೋಣಿ ಹೊದೆಸಿ, ಅದರ ಸದ್ದು ಸ್ವಲ್ಪ ಬದಲಾದರೂ ಉಣ್ಣುತ್ತಿದ್ದ ಬಟ್ಟಲು ಬಿಟ್ಟು ಕೆಳಗೆ ಓಡುತ್ತಿದ್ದರು. ಆಮೇಲೆ ಒಂದು ರೇಡಿಯೋ. ಆಮೇಲೆ ಹಳೆಯ ಸ್ಕೂಟರು. ಅವೆಲ್ಲ ಬರೀ ಕಬ್ಬಿಣ ಎಂದು ಸಹಿಸಿಕೊಂಡೆ. ಆದರೆ ಈ ಹವಳದ ಹಿಂದೆ ಒಬ್ಬ ಹೆಂಗಸಿದ್ದಳು.

ಆಕೆಯ ಹೆಸರು ಲೀಲಾ. ಮೈಸೂರು ಕಡೆಯವಳು. ಗಂಡ ಮಲ್ಲಿಕಾರ್ಜುನ ಸರಕಾರಿ ಅಧಿಕಾರಿಯಾಗಿದ್ದು, ಸೇವೆಯಲ್ಲಿರುವಾಗಲೇ ತೀರಿಕೊಂಡರು. ಅವರ ಇಲಾಖೆಯಲ್ಲೇ ಆಕೆಗೆ ಕೆಲಸ ಸಿಕ್ಕಿತು. ಕಿದ್ವಾಯಿ ನಗರದ ಕ್ವಾರ್ಟರಿನಲ್ಲಿ ಒಬ್ಬಳೇ ಇದ್ದುಕೊಂಡು, ಗಂಡ ಬಿಟ್ಟುಹೋದ ಉಪ್ಪುನೀರಿನ ತೊಟ್ಟಿಯನ್ನು ನೋಡಿಕೊಂಡಿದ್ದಳು.

ಅವರಿಬ್ಬರ ಪರಿಚಯಕ್ಕೆ ಕಾರಣ ಬೇರೆ ಯಾರೂ ಅಲ್ಲ, ನಾನೇ. ಐಎನ್‌ಎ ಮಾರ್ಕೆಟ್ಟಿನಲ್ಲಿ ಒಳ್ಳೆಯ ಬಂಗುಡೆ ಬಂದಿದೆಯೆಂದು ಇವರನ್ನು ಎಬ್ಬಿಸಿಕೊಂಡು ಹೋಗಿದ್ದೆ. ಮೆಟ್ರೋಗೆಂದು ಅಲ್ಲೆಲ್ಲ ನೆಲ ಅಗೆದು ತಗಡು ಕಟ್ಟಿದ್ದ ಕಾಲ ಅದು. ನಾನು ಕಿವಿರು ಎತ್ತಿ ನೋಡುತ್ತಾ ಮೀನಿನ ಭಯ್ಯಾನ ಹತ್ತಿರ ಚೌಕಾಸಿ ಮಾಡುತ್ತಿದ್ದೆ. ಇವರು ಪಕ್ಕದ ಸಾಲಿನಲ್ಲಿ ಬಣ್ಣದ ಮೀನಿನ ಅಂಗಡಿಯ ಮುಂದೆ ನಿಂತರು. ಅಲ್ಲಿ ಆಕೆ ಹಿಂದಿಯಲ್ಲಿ ಯಾವುದೋ ಉಪ್ಪಿನ ಚೀಲ ಕೇಳುತ್ತಾ, ಅಂಗಡಿಯವನು ಹೇಳಿದ ದರಕ್ಕೆ ಕನ್ನಡದಲ್ಲಿ ಬೈದಳಂತೆ. ಇವರಿಗೆ ಅಷ್ಟೇ ಸಾಕಾಯಿತು. ನಾನು ಬಂಗುಡೆ ಹಿಡಿದು ಬಂದಾಗ ಇಬ್ಬರೂ ಒಂದು ಗಾಜಿಗೆ ಮುಖ ಹಚ್ಚಿ ನಿಂತಿದ್ದರು. ತಿನ್ನುವ ಮೀನಿಗೆಂದು ಕರೆದುಕೊಂಡು ಹೋದವಳು ನಾನು, ನೋಡುವ ಮೀನಿನ ಹುಚ್ಚು ಹಿಡಿಸಿ ಕಳಿಸಿದವಳು ಆಕೆ.

ಹವಳವನ್ನು ಕೊಟ್ಟದ್ದೂ ಆಕೆಯೇ. ನನಗೆ ಹವಳ ಅಂದರೆ ಕರಿಮಣಿಯ ನಡುವೆ ಪೋಣಿಸುವ ಕೆಂಪು ಮಣಿ. ಇದು ಹಾಗಲ್ಲ. ಚಪ್ಪಟೆ ಕಲ್ಲಿನ ಮೇಲೆ ಪಾಚಿಯ ಹಾಗೆ ಹಬ್ಬಿಕೊಂಡಿರುತ್ತದೆ. ದೀಪ ಹಾಕಿದರೆ ಮೈತುಂಬ ಸಣ್ಣ ಸಣ್ಣ ಹಸುರು ನಕ್ಷತ್ರಗಳು ಅರಳುತ್ತವೆ, ಮುಟ್ಟಿದರೆ ಮುದುಡಿಕೊಳ್ಳುತ್ತವೆ. ಅದಕ್ಕೆ ಬೆಳಕೇ ಊಟವಂತೆ. ಇವರು ಕುರ್ಚಿ ಹಾಕಿಕೊಂಡು ಅದರ ಮುಂದೆ ಕೂತರೆ ಪಕ್ಕದಲ್ಲಿಟ್ಟ ಚಹಾ ಕೆನೆಗಟ್ಟುತ್ತಿತ್ತು. ನನ್ನ ಕುತ್ತಿಗೆಯಲ್ಲೂ ಹವಳವಿದೆ. ಅದನ್ನು ಕಟ್ಟಿದ ದಿನದ ನಂತರ ಇವರು ಅದನ್ನು ಅಷ್ಟು ಹೊತ್ತು ನೋಡಿದ್ದು ನನಗೆ ನೆನಪಿಲ್ಲ.

ಮರುವರ್ಷದ ಬೇಸಿಗೆ ಕೆಟ್ಟದಾಗಿತ್ತು. ಮಧ್ಯಾಹ್ನವಾದರೆ ಕರೆಂಟು ಹೋಗುವುದು. ಇನ್ವರ್ಟರಿನಲ್ಲಿ ಏಸಿ ನಡೆಯುವುದಿಲ್ಲ, ಆ ದೊಡ್ಡ ದೀಪವೂ ಉರಿಯುವುದಿಲ್ಲ. ಕರೆಂಟು ಬಂದ ಕೂಡಲೇ ದೀಪ ಉರಿದು ನೀರು ಮತ್ತೆ ಕಾಯುವುದು. ಒಂದು ದಿನ ನಾನು ಮಲಗಿದ್ದಾಗ ತಲೆಯ ಹತ್ತಿರದ ಗಾಳಿ ನಿಂತಿತು. ಕಣ್ಣು ಬಿಟ್ಟರೆ ಇವರು ನನ್ನ ಟೇಬಲ್ ಫ್ಯಾನನ್ನು ಮಗುವಿನ ಹಾಗೆ ಎತ್ತಿಕೊಂಡು ತೊಟ್ಟಿಯ ಕಡೆ ಹೋಗುತ್ತಿದ್ದರು.

ಎದ್ದು ಕೂತೆ. "ಈ ಮನೇಲಿ ಒಂದೋ ಆ ದೀಪ ಇರ್ಬೇಕು, ಇಲ್ಲ ನಾನಿರ್ಬೇಕು."

"ದೀಪ ತೆಗೆದ್ರೆ ಹವಳ ಸಾಯ್ತದೆ ಮಾರಾಯ್ತಿ."

"ಫ್ಯಾನು ತೆಗೆದ್ರೆ ನಾನು?"

"ನೀನು ಗಟ್ಟಿ ಉಂಟು," ಎಂದರು.

ಅದರ ಮೇಲೆ ನಾನು ಮಾತು ಬಿಟ್ಟೆ. ಅನ್ನ ಬಡಿಸಿದೆ, ಬಟ್ಟೆ ಮಡಚಿದೆ, ಮಾತು ಮಾತ್ರ ಇಲ್ಲ. ನಾನು ಮಾತು ಬಿಟ್ಟರೆ ಈ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಇವರು ಎರಡು ಸಲ ಕಿದ್ವಾಯಿ ನಗರಕ್ಕೆ ಹೋಗಿ ಬಂದರು. ಕೊನೆಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ದೀಪ ತೆಗೀತೇನೆ. ಲೀಲಾ ಮೇಡಂ ಒಂದು ಉಪಾಯ ಹೇಳಿದ್ದಾರೆ," ಎಂದರು.

ದೀಪ ತೆಗೆಯಿರಿ ಎಂದವಳು ನಾನು. ಉಪಾಯ ಹೇಳಿದವಳು ಅವಳು.

ಉಪಾಯ ಇಷ್ಟೇ. ಚಾಂದನಿ ಚೌಕದ ಹತ್ತಿರ ಭಗೀರಥ ಪ್ಯಾಲೇಸ್ ಎಂಬ ಕರೆಂಟು ಸಾಮಾನಿನ ಪೇಟೆಯಲ್ಲಿ ಎಲ್‌ಇಡಿ ಎಂಬ ಹೊಸ ಬಲ್ಬು ಬಿಡಿಬಿಡಿಯಾಗಿ ಸಿಗುತ್ತದೆ, ಕಡಲೆಕಾಳಿನಷ್ಟು ದೊಡ್ಡದು. ಅಲ್ಯೂಮಿನಿಯಂ ಪಟ್ಟಿಯ ಮೇಲೆ ಸಾಲಾಗಿ ಅಂಟಿಸಿ ತಂತಿ ಜೋಡಿಸಿದರೆ ದೀಪವಾಯಿತು. ನೀರು ಕಾಯುವುದಿಲ್ಲ, ಇನ್ವರ್ಟರಿನಲ್ಲೂ ಉರಿಯುತ್ತದೆ. ಪರದೇಶದಲ್ಲಿ ಇಂಥ ದೀಪ ತಯಾರಾಗಿಯೇ ಸಿಗುತ್ತದಂತೆ, ಆದರೆ ಬಹಳ ದುಬಾರಿ. ಈ ಅಗ್ಗದ ಬಲ್ಬಿನ ಬೆಳಕು ಉಂಡು ಹವಳ ಬದುಕುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅದಕ್ಕೊಂದು ಪರೀಕ್ಷೆ. ಹವಳದ ಕಲ್ಲನ್ನು ಎರಡು ಹೋಳು ಮಾಡುವುದು. ಒಂದು ಹೋಳು ಲೀಲಾಳ ಮನೆಯಲ್ಲಿ ಹಳೆಯ ದೊಡ್ಡ ದೀಪದ ಕೆಳಗೆ, ಇನ್ನೊಂದು ನಮ್ಮಲ್ಲಿ ಹೊಸ ಬಲ್ಬಿನ ಕೆಳಗೆ. ಚೌತಿಯವರೆಗೆ ನೋಡುವುದು.

"ಬದುಕಿದ್ರೆ?" ಎಂದು ಕೇಳಿದೆ. ಮಾತು ಬಿಟ್ಟದ್ದು ಮರೆತೇಹೋಗಿತ್ತು.

"ದೊಡ್ಡ ದೀಪ ಗುಜರಿಗೆ. ಏಸಿ ನಿನಗೆ."

"ಬದುಕದಿದ್ರೆ?"

ಇವರು ನೆಲ ನೋಡಿದರು. "ಎಲ್ಲವನ್ನೂ ಮೇಡಂ ಮನೆಗೆ ಸಾಗಿಸೋದು. ಅಲ್ಲಿ ತೊಟ್ಟಿ ದೊಡ್ಡದುಂಟು. ನಾನು ಸಂಜೆ ಹೋಗಿ ನೋಡ್ಕೊಂಡು ಬರ್ತೇನೆ."

"ದಿನಾ?"

"ಮೀನಿಗೆ ತಿಂಡಿ ಹಾಕ್ಬೇಕಲ್ಲ. ದಿನಾ."

ಆ ಹೊತ್ತು ಒಲೆಯ ಮೇಲೆ ಬೆಲ್ಲದ ಪಾಕವಿತ್ತು, ಹತ್ತಿಹೋಯಿತು. ಅದರ ತಳ ಕೆರೆಯುತ್ತಾ ನಾನು ಲೆಕ್ಕ ಹಾಕಿದೆ. ಬಲ್ಬು ಸೋತರೆ ಇವರು ಅಲ್ಲಿಗೆ ಹೋಗುತ್ತಾರೆ. ಗೆದ್ದರೆ ಆಕೆ ನೋಡಲಿಕ್ಕೆಂದು ಇಲ್ಲಿಗೆ ಬರುತ್ತಾಳೆ. ಎರಡೂ ಬೇಡದ್ದೇ. ಆದರೆ ಇಲ್ಲಿಗೆ ಬಂದರೆ ನನ್ನ ಕಣ್ಣೆದುರು ಇರುತ್ತಾಳೆ. ಹಾಗಾಗಿ ಆ ಚಿಲ್ಲರೆ ಬಲ್ಬು ಗೆಲ್ಲಲಿ ಎಂದು ಇವರಿಗಿಂತ ಹೆಚ್ಚಾಗಿ ಹರಕೆ ಹೊತ್ತವಳು ನಾನು.

ಕಲ್ಲು ಒಡೆಯುವ ದಿನ ಆಕೆ ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು, ಕಂಪ್ಯೂಟರಿನಿಂದ ತೆಗೆಸಿದ ಕಾಗದಗಳ ಕಟ್ಟು ಹಿಡಿದು ಬಂದಳು. ನಮ್ಮ ಊಟದ ಮೇಜಿನ ಮೇಲೆ ಪೇಪರು ಹಾಸಿದರು.

"ಹರಿಣಾಕ್ಷಿಯವರೇ, ಒಂದು ಹಳೇ ಉಳಿ ಇದ್ಯಾ?"

"ಉಳಿ ಇಲ್ಲ. ಕತ್ತಿ ಉಂಟು."

"ಬೇಡ ಬೇಡ," ಎಂದರು ಇವರು. "ಅದ್ರಲ್ಲಿ ಮೀನು ಕೊಯ್ದದ್ದು. ವಾಸನೆ."

"ಸಮುದ್ರದಲ್ಲಿ ಹುಟ್ಟಿದ್ದಕ್ಕೆ ಮೀನಿನ ವಾಸನೆ ಆಗೂದಿಲ್ವಾ?" ಎಂದೆ.

ಆಕೆ ಗಟ್ಟಿಯಾಗಿ ನಕ್ಕಳು. ಆಕೆ ನಕ್ಕ ಮೇಲೆ ಇವರೂ ನಕ್ಕರು. ಆಕೆ ಇಲ್ಲದಾಗ ಅದೇ ಮಾತು ಹೇಳಿದ್ದರೆ ಇವರ ಮುಖದ ಒಂದು ಗೆರೆಯೂ ಅಲುಗುತ್ತಿರಲಿಲ್ಲ, ನನಗೆ ಗೊತ್ತು.

ಕೊನೆಗೆ ಕೆಳಗೆ ಹೋಟೆಲಿನಿಂದ ಉಳಿ ತಂದು ಒಡೆದರು. ಒಂದೇ ಬಕೆಟ್ಟಿನ ನೀರಿನಲ್ಲಿ ಇಬ್ಬರೂ ಕೈ ತೊಳೆದರು. ಆಕೆ ತನ್ನ ಅರ್ಧವನ್ನು ಡಬ್ಬಿಯಲ್ಲಿಟ್ಟು ಸೆರಗಿನಡಿ ಹಿಡಿದುಕೊಂಡು ಆಟೋ ಹತ್ತಿದಳು. ಒಂದೇ ಜೀವ, ಅರ್ಧ ಅವಳ ಮನೆಯಲ್ಲಿ, ಅರ್ಧ ನನ್ನ ಮನೆಯಲ್ಲಿ. ಅದನ್ನು ಯೋಚಿಸುತ್ತಾ ನಾನು ಮೇಜನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ಒರೆಸಿದೆ.

ಹೊಸ ದೀಪವನ್ನು ಇವರು ಕೈಯಾರೆ ಮಾಡಿದರು. ಗ್ರೈಂಡರಿನ ಮೋಟಾರು ಬಿಚ್ಚಿ ಜೋಡಿಸಿದ ಕೈ, ತಂತಿಗೆ ಹೆದರುವುದಿಲ್ಲ. ನೀಲಿ ಬಲ್ಬು ಹೆಚ್ಚು, ಬಿಳಿ ಕಡಿಮೆ. ತೊಟ್ಟಿಯ ಮೇಲೆ ಪ್ಲೈವುಡ್ಡಿನ ಮುಚ್ಚಳ, ಅದರೊಳಗೆ ದೀಪದ ಪಟ್ಟಿ. ಸ್ವಿಚ್ಚು ಹಾಕಿದರೆ ಹಾಲ್ ಎಲ್ಲ ನೀಲಿ. ನಾನು ಬಡಿಸಿದ ಅನ್ನ ನೀಲಿ, ಗೋಡೆಯ ಮೇಲಿನ ದೇವರು ನೀಲಿ. ಭಾನುವಾರ ಗುಡಗಾಂವ್‌ನಿಂದ ಬಂದ ಮೊಮ್ಮಗಳು ಪ್ರಜ್ಞಾ, ಕಾಲೇಜಿನ ಹುಡುಗಿ, ಚಪ್ಪಲಿ ಬಿಡುತ್ತಲೇ, "ಅರೇ ವಾಹ್, ಅಜ್ಜನ ಡಿಸ್ಕೋ!" ಎಂದಳು.

"ನಿನ್ನ ಅಜ್ಜನದ್ದಲ್ಲ. ಕಿದ್ವಾಯಿ ನಗರದ್ದು," ಎಂದೆ.

ಅವಳು ನನ್ನನ್ನೇ ನೋಡಿ ಕಣ್ಣು ಅರಳಿಸಿದಳು. "ಅಜ್ಜಿ, ಆಪ್ ಜಲ್ ರಹೀ ಹೋ ಕ್ಯಾ? ಸಚ್ಚೀ? ಈ ವಯಸ್ಸಲ್ಲಿ ಜೆಲಸ್ಸಾ?"

"ವಯಸ್ಸಾದ್ರೆ ಹೊಟ್ಟೆ ಇರೂದಿಲ್ವಾ? ಸುಮ್ನೆ ನೀರುದೋಸೆ ತಿನ್ನು."

ಮೊದಲ ವಾರ ಹವಳ ಚೆನ್ನಾಗಿಯೇ ಅರಳಿತು. ಲೀಲಾ ಕಚೇರಿ ಮುಗಿಸಿ ನೋಡಲು ಬಂದಳು. ತೊಟ್ಟಿಯ ಮುಂದೆ ಬಗ್ಗಿ, ಕನ್ನಡಕ ತೆಗೆದು, ಮತ್ತೆ ಹಾಕಿ, "ಅಯ್ಯೋ, ಎಷ್ಟು ಸೊಗಸಾಗಿ ಅರಳಿದೆ ಐತಪ್ಪನವರೇ! ನಮ್ಮನೇದಕ್ಕಿಂತ ಇದೇ ಚೆನ್ನಾಗಿದೆ ಕಣ್ರೀ," ಎಂದಳು. ಬಾಯಿ ತುಂಬ ಹೊಗಳಿದಳು, ಥೂ ಎಂದು ಉಗುಳುವ ಶಾಸ್ತ್ರವನ್ನೂ ಮಾಡಲಿಲ್ಲ, ನೆಟಿಗೆಯನ್ನೂ ಮುರಿಯಲಿಲ್ಲ.

ಆಕೆ ಬಂದು ಹೋದ ಮೇಲೆ ಹವಳ ಬಿಳಿಚಲು ಶುರುವಾಯಿತು.

ಮೊದಲು ನಕ್ಷತ್ರಗಳು ಅರ್ಧಕ್ಕೇ ಅರಳಿ ನಿಂತವು. ಆಮೇಲೆ ಮೈಬಣ್ಣ ಇಳಿಯಿತು. ಇವರು ಆಕೆಗೆ ಫೋನು ಹಚ್ಚಿದರು. ಆಕೆ ಮತ್ತೆ ಬಂದಳು, ದೀಪ ನೋಡಿದಳು. "ನಮ್ಮನೇ ದೀಪದ ಎದುರು ಇದು ಮಿಣುಕುಹುಳ. ಬೆಳಕು ಸಾಲ್ತಾ ಇಲ್ಲ ಅನ್ಸತ್ತೆ." ಇವರಿಗೂ ಅದೇ ಸರಿ ಎನಿಸಿತು. ಹೋಟೆಲಿನಲ್ಲಿ ಟ್ಯೂಬ್‌ಲೈಟು ಹಾಕಿಸುವಾಗ ಗೋಡೆ ಮಂದ ಕಂಡರೆ ಇನ್ನೊಂದು ಟ್ಯೂಬು ಹಾಕಿಸಿದ ಮನುಷ್ಯ, ಕಣ್ಣಿಗೆ ಕಂಡದ್ದೇ ಅಳತೆ. ದೀಪದ ಪಟ್ಟಿಯನ್ನು ನೀರಿಗೆ ಹತ್ತಿರ ಇಳಿಸಿದರು. ಹವಳ ಇನ್ನೂ ಬಿಳಿಚಿತು. ಇನ್ನೂ ಇಳಿಸಿದರು.

ಅವರು ದೀಪ ಇಳಿಸುತ್ತಿರಲಿ, ನನಗೆ ಕಾರಣ ಗೊತ್ತಿತ್ತು. ನಮ್ಮ ಕರಾವಳಿ ಕಡೆ ಹೊಸ ದೋಣಿ ನೀರಿಗೆ ಇಳಿದರೂ, ಹೊಸ ಮನೆಗೆ ಹಂಚು ಹೊದೆಸಿದರೂ, ಎಮ್ಮೆ ಒಳ್ಳೆಯ ಹಾಲು ಕೊಟ್ಟರೂ ಮೊದಲು ಮಾಡುವ ಕೆಲಸ ಒಂದಿದೆ. ಇಲ್ಲಿ ಅದನ್ನು ಯಾರೂ ಮಾಡಿರಲಿಲ್ಲ. ಕಾಗದಗಳ ಕಟ್ಟಿನಲ್ಲಿ ಅದು ಬರೆದಿರುವುದಿಲ್ಲ.

ಊರಿನಿಂದ ಬರುವಾಗ ಅಮ್ಮ ಕೊಟ್ಟ ಕೊಡೆಯೊಂದು ಅಟ್ಟದಲ್ಲಿತ್ತು. ಕಡ್ಡಿ ಮುರಿದಿತ್ತು, ಬಟ್ಟೆ ಗಟ್ಟಿಯಿತ್ತು. ದಪ್ಪ ಕರಿಬಟ್ಟೆ. ಅದರಿಂದ ಒಂದು ಉದ್ದ ಪಟ್ಟಿ ಹರಿದೆ. ತುದಿಗೆ ಕಲ್ಲುಪ್ಪು, ಸಾಸಿವೆ, ಒಣಮೆಣಸು, ಒಂದು ಚೂರು ಇದ್ದಿಲು ಹಾಕಿ ಗಂಟು ಕಟ್ಟಿದೆ. ಬೆಳಗ್ಗೆ ಇವರು ಹಾಲು ತರಲು ಕೆಳಗೆ ಇಳಿದಾಗ ಪ್ಲೈವುಡ್ಡಿನ ಮುಚ್ಚಳ ಎತ್ತಿದೆ. ಎಲ್ಲಿ ಕಟ್ಟುವುದು? ಹವಳದ ತಲೆಯ ಮೇಲೆಯೇ ಇರಬೇಕು, ಯಾರ ಕಣ್ಣಿಗೂ ಬೀಳಬಾರದು. ದೀಪದ ಪಟ್ಟಿಯ ಎಡತುದಿ ಅಡುಗೆಮನೆಯ ಕಡೆಗಿತ್ತು. ಗಂಟನ್ನು ಅಲ್ಲಿ ಮೇಲೆ ಕೂರಿಸಿ, ಜಾರಿ ನೀರಿಗೆ ಬೀಳಬಾರದೆಂದು ಉಳಿದ ಬಟ್ಟೆಯನ್ನು ಪಟ್ಟಿಗೆ ಬಿಗಿಯಾಗಿ ಸುತ್ತಿದೆ. ಒಂದಷ್ಟು ಬಲ್ಬುಗಳ ಬಾಯಿ ಮುಚ್ಚಿತು. ಅಷ್ಟೊಂದು ಬಲ್ಬಿನಲ್ಲಿ ಅವು ಯಾವ ಲೆಕ್ಕ ಎಂದುಕೊಂಡೆ. ಬಟ್ಟೆ ಸುಟ್ಟೀತೆಂದು ದೀಪ ಹಾಕಿದ ಮೇಲೆ ಎರಡು ಮೂರು ಸಲ ಮೂಸಿ ನೋಡಿದೆ. ಬರೀ ಬೆಚ್ಚಗಿತ್ತು. ಗಂಟು ಬಿಗಿಯುವಾಗ ಕಣ್ಣು ಹಾಕಿದವರ ಹೆಸರನ್ನು ಮನಸ್ಸಿನಲ್ಲೇ ಹೇಳಬೇಕು. ಸ್ಪಷ್ಟವಾಗಿ ಹೇಳಿದೆ.

ದಿನ ಕಳೆಯಿತು. ನಾನು ಬೇಗ ಏಳುವವಳು. ದೀಪ ಹಾಕುವ ಮುಂಚೆ, ಅಡುಗೆಮನೆಯ ಕಿಟಕಿಯಿಂದ ಬರುವ ಬಿಸಿಲಿನಲ್ಲಿ ತೊಟ್ಟಿಯ ಎಡಗಡೆ ಕಾಣುತ್ತದೆ. ಆ ಕಡೆಯ ಹವಳಕ್ಕೆ ಮೆಲ್ಲನೆ ಬಣ್ಣ ಮರಳುತ್ತಿತ್ತು. ನನ್ನ ಎದೆ ಹಗುರವಾಯಿತು. ಇವತ್ತು ಎಡಗಡೆ, ನಾಳೆ ನಡುವೆ, ಆಮೇಲೆ ಬಲಗಡೆ, ದೃಷ್ಟಿ ಇಳಿಯುವುದು ಹಾಗೆಯೇ ಎಂದುಕೊಂಡೆ. ಇವರಿಗೆ ಹೇಳಲಿಲ್ಲ. ದೃಷ್ಟಿಗೆ ಕಟ್ಟಿದ್ದನ್ನು ಬಾಯಿಬಿಟ್ಟು ಹೇಳಿದರೆ ಅದರ ಬಲ ಹೋಗುತ್ತದೆ.

ಇವರಿಗೆ ಅದು ಕಾಣಲೂ ಇಲ್ಲ. ಇವರ ಕುರ್ಚಿ ಬಲಗಡೆ. ದೀಪ ಉರಿಯುವಾಗ ಎಲ್ಲವೂ ಒಂದೇ ನೀಲಿ. ಅದೂ ಅಲ್ಲದೆ ಇವರು ಕೂರುವುದನ್ನೇ ಬಿಟ್ಟಿದ್ದರು. ಕಾಯಿಲೆಯವರ ಕೋಣೆಯ ಮುಂದೆ ಹಾದುಹೋಗುವ ಹಾಗೆ ತೊಟ್ಟಿಯ ಮುಂದೆ ಮುಖ ತಿರುಗಿಸಿ ಹೋಗುತ್ತಿದ್ದರು. ಸಂಜೆಯಾದರೆ ಅಂಗಿ ಬದಲಿಸಿ, "ಮೇಡಂ ಮನೇದು ಹೇಗುಂಟು ನೋಡ್ಕೊಂಡು ಬರ್ತೇನೆ," ಎನ್ನುವುದು. ಅಲ್ಲಿನದು ಕಲ್ಲು ದಾಟಿ ಹಬ್ಬುತ್ತಿತ್ತಂತೆ. ಬಂದ ಮೇಲೆ ನಾನು ಚಹಾ ಇಟ್ಟರೆ, "ಬೇಡ, ಕಾಫಿ ಆಯ್ತು," ಎನ್ನುವುದು. ಸಂಜೆ ಕಾಫಿ ಕುಡಿದರೆ ನಿದ್ದೆ ಬರುವುದಿಲ್ಲ ಎಂದು ಇಷ್ಟು ವರ್ಷ ನನಗೆ ಹೇಳಿಕೊಂಡು ಬಂದ ಮನುಷ್ಯ. ಆ ಚಹಾವನ್ನು ಸಿಂಕಿಗೆ ಸುರಿಯುವಾಗ ನನಗೆ ಕೋಟ್ಲಾದಿಂದ ಕಿದ್ವಾಯಿ ನಗರದವರೆಗಿನ ರಸ್ತೆಯ ಒಂ‌ದೊಂದು ತಿರುವೂ ಕಣ್ಣಿಗೆ ಕಟ್ಟುತ್ತಿತ್ತು.

ಚೌತಿ ಹತ್ತಿರ ಬಂತು. ನಡುವೆ ಬಣ್ಣ ಬರಲಿಲ್ಲ, ಬಲಗಡೆಯೂ ಬರಲಿಲ್ಲ. ಒಂದು ಸಂಜೆ ಇವರು ಅಂಗಿ ಬದಲಿಸದೆ ಕೂತರು.

"ಸೋತೆವು ಹರಿಣಾಕ್ಷಿ. ಭಾನುವಾರ ಸಾಗಿಸ್ತೇವೆ. ಮೇಡಂ ಬಕೆಟ್ಟು ತರ್ತಾರೆ."

"ಇನ್ನೂ ಸ್ವಲ್ಪ ದಿನ ನೋಡಿ."

"ಏನು ನೋಡೂದು? ಪೂರ್ತಿ ಸತ್ತ ಮೇಲೆ ಸಾಗಿಸೂದಾ?" ಆಮೇಲೆ, "ನಿನಗೆ ಒಳ್ಳೇದೇ ಆಯ್ತು. ಮನೆ ಖಾಲಿ," ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಖಾಲಿ ಮನೆಯಲ್ಲಿ ಸಂಜೆ ಹೊತ್ತು ಕೂರುವವಳು ನಾನು.

ಭಾನುವಾರ ಆಕೆ ಬಂದಳು. ಎರಡು ಬಿಳಿ ಬಕೆಟ್ಟು, ಒಂದು ಜಾಲರಿ. ದೀಪ ಆರಿಸಿದರು. ಮೊದಲು ಹವಳ, ಆಮೇಲೆ ಮೀನು ಎಂದು ಮಾತಾಯಿತು. ಇವರು ತೋಳು ಮಡಚಿ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಬಿಳಿ ಬಕೆಟ್ಟಿನ ಉಪ್ಪುನೀರಿಗೆ ಇಳಿಸಿ, ಬಕೆಟ್ಟನ್ನು ಬಾಗಿಲ ಹತ್ತಿರ ಬಿಸಿಲಿಗೆ ಎಳೆದರು.

ಇಬ್ಬರೂ ಬಗ್ಗಿದವರು ಬಗ್ಗಿಯೇ ಉಳಿದರು.

"ಐತಪ್ಪನವರೇ, ಇದೇನಿದು?"

ನಾನೂ ಹೋಗಿ ನೋಡಿದೆ. ಬಿಸಿಲಿನಲ್ಲಿ, ಬಿಳಿ ಬಕೆಟ್ಟಿನಲ್ಲಿ, ಎಲ್ಲ ಬಿಚ್ಚಿಟ್ಟ ಹಾಗೆ ಕಾಣುತ್ತಿತ್ತು. ಕಲ್ಲಿನ ಬಲಗಡೆಯದೆಲ್ಲ ಸುಣ್ಣದ ಹಾಗೆ ಬಿಳಿ. ಎಡಗಡೆಯ ಒಂದು ಪಾಲು ಕಂದುಹಸುರು, ತುಂಬಿದ ಮೈ. ಎರಡರ ನಡುವೆ ಸೀರೆಯ ಮೈಗೂ ಅಂಚಿಗೂ ಇರುವಂಥ ಗೆರೆ.

"ಅರ್ಧಂಬರ್ಧ ಸಾಯೋದು ಹೀಗಲ್ಲ," ಎಂದಳು ಲೀಲಾ. "ಇಷ್ಟು ನೇರ ಗೆರೆ ತಾನಾಗಿ ಬರಲ್ಲ. ಈ ಕಡೆ ಮೇಲೆ ಏನಿತ್ತು?"

"ಏನೂ ಇಲ್ಲ. ಬಲ್ಬೇ." ಇವರು ಹೋಗಿ ಮುಚ್ಚಳ ಎತ್ತಿದರು. ಬಗ್ಗಿ ಒಳಗೆ ನೋಡಿದರು. ಕೈ ಹಾಕಿ ಎಳೆದರು.

ಕರಿಗಂಟು ಇವರ ಕೈಯಲ್ಲಿ ನೇತಾಡಿತು. ಒಂದು ಒಣಮೆಣಸು ಜಾರಿ ತೊಟ್ಟಿಗೆ ಬಿತ್ತು.

ನಾನು ಸೆರಗಿನಿಂದ ಕೈ ಒರೆಸಿಕೊಂಡೆ. ಕೈ ಒದ್ದೆ ಇರಲಿಲ್ಲ.

"ಇದು ನಿನ್ನ ಕೊಡೆಯದ್ದಲ್ವಾ?" ಎಂದರು. "ಯಾವಾಗ ಕಟ್ಟಿದ್ದು?"

"ನೀವು ಹಾಲಿಗೆ ಹೋದಾಗ."

"ಬಲ್ಬಿನ ಬಾಯಿ ಮುಚ್ಚಿದ್ದೀಯಲ್ಲ! ಮೊದಲೇ ಬೆಳಕು ಸಾಲದು ಅಂತ ನಾನು..." ಎಂದು ಶುರು ಮಾಡಿದವರು ಅಲ್ಲೇ ನಿಂತರು. ಬಕೆಟ್ಟನ್ನು ನೋಡಿದರು. ಬಾಯಿ ಮುಚ್ಚಿದ ಬಲ್ಬುಗಳ ಕೆಳಗಿದ್ದದ್ದೇ ಬದುಕಿತ್ತು.

ಲೀಲಾ ನೆಲದ ಮೇಲೆಯೇ ಕೂತುಬಿಟ್ಟಳು. "ಸಾಲದ್ದಲ್ಲ ಐತಪ್ಪನವರೇ. ಜಾಸ್ತಿ ಆಗಿರೋದು! ನೀಲಿ ಬೆಳಕು ನಮ್ಮ ಕಣ್ಣಿಗೆ ಮಂದ, ಹವಳಕ್ಕಲ್ಲ. ನಾವು ಕಣ್ಣು ನಂಬ್ಕೊಂಡು ಇಳಿಸಿದ್ವಿ, ಇಳಿಸಿದ್ವಿ... ಪಾಪ, ಅದನ್ನ ಸುಡ್ತಾ ಇದ್ವಲ್ರೀ. ಇವರು ಕಟ್ಟಿದ ನೆರಳಲ್ಲಿ ಅಷ್ಟು ಉಳ್ಕೊಂಡಿದೆ."

"ಹಾಗಾದ್ರೆ ಬಲ್ಬು?"

"ಬಲ್ಬು ಗೆದ್ದಿದೆ. ಬೇಕಾದ್ದಕ್ಕಿಂತ ಹೆಚ್ಚಾಗೇ ಗೆದ್ದಿದೆ."

ಇವರು ಮಕ್ಕಳ ಹಾಗೆ ಒಮ್ಮೆ ನನ್ನನ್ನು, ಒಮ್ಮೆ ಗಂಟನ್ನು ನೋಡಿದರು. ಆ ನೋಟ ಸ್ವಲ್ಪ ಹೊತ್ತು ನನ್ನ ಮೇಲೆ ನಿಂತಿತು. ನಾನು ಕರಿಮಣಿ ಸರಿಮಾಡಿಕೊಂಡೆ.

ಆಗ ಆಕೆ ಎದ್ದು, ಇವರ ಕೈಯಿಂದ ಗಂಟು ತೆಗೆದುಕೊಂಡು ಮೂಸಿ ನೋಡಿದಳು. "ದೃಷ್ಟಿಗೆ ಅಲ್ವಾ ಇದು? ನಮ್ಮತ್ತೆನೂ ಕಟ್ತಿದ್ರು. ಯಾರ ದೃಷ್ಟಿಗೆ ಹರಿಣಾಕ್ಷಿಯವರೇ?"

ಹಾಲ್‌ನಲ್ಲಿ ಇದ್ದವರು ಮೂವರು. ಸುಳ್ಳು ಹೇಳಲು ನಾಲ್ಕನೆಯವರು ಬೇಕಿತ್ತು.

"ಈ ಮನೆಗೆ ಎಷ್ಟು ಜನ ಬರ್ತಾರೆ ಮೇಡಂ?" ಎಂದೆ.

"ಹರಿಣಾಕ್ಷೀ!" ಎಂದರು ಇವರು.

ಆಕೆ ಕೋಪಿಸಿಕೊಳ್ಳುತ್ತಾಳೆ ಎಂದುಕೊಂಡೆ. ಕೋಪಿಸಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಆಕೆ ಗಂಟನ್ನು ಅಂಗೈಯಲ್ಲಿ ಹೊರಳಿಸುತ್ತಾ ನಿಂತಳು. "ನಮ್ಮವರಿಗೆ ನಾನು ಇಂಥದ್ದೊಂದು ಕಟ್ಟಲೇ ಇಲ್ಲ," ಎಂದಳು. "ಅವರು ತೊಟ್ಟಿ ಮುಂದೆ ಕೂತ್ರೆ ನಾನು ಒಳಗೆ ಹೋಗಿ ಟೀವಿ ಹಾಕ್ಕೊಳ್ತಿದ್ದೆ. ನೋಡ್ಕೊಂಡಿರ್ಲಿ ಬಿಡು ಅಂತ." ಆಮೇಲೆ ನನ್ನ ಕಡೆ ತಿರುಗಿ, ನಗುತ್ತಲೇ, "ಹೊಟ್ಟೆ ಉರಿಸ್ಕೊಂಡು ಕಾಯೋಕೆ ಮನೇಲಿ ಒಬ್ರು ಇರೋದು... ಅದನ್ನ ನೋಡಿದ್ರೆ ನನಗೇ ಹೊಟ್ಟೆ ಉರಿಯುತ್ತೆ ಕಣ್ರೀ," ಎಂದಳು.

ನಾನು ಒಳಗೆ ಹೋಗಿ ಚಹಾ ಇಟ್ಟೆ. ಮೂವರಿಗೂ.

ಬಕೆಟ್ಟು ಖಾಲಿಯೇ ಹಿಂದೆ ಹೋಯಿತು. ಇವರು ದೀಪದ ಪಟ್ಟಿಯನ್ನು ಮೇಲೆ, ಬಹಳ ಮೇಲೆ ಎತ್ತಿ ಕಟ್ಟಿದರು. ಚೌತಿಗೆ ನಕ್ಷತ್ರಗಳು ತಲೆಯೆತ್ತಿದವು, ದೀಪಾವಳಿಗೆ ಬಿಳಿ ಇದ್ದಲ್ಲೆಲ್ಲ ತೆಳು ಹಸುರು ಮೂಡಿತು. ದೊಡ್ಡ ದೀಪವನ್ನು ಕಬಾಡಿಯವನು ಹೊತ್ತುಕೊಂಡು ಹೋದ. ಏಸಿಯನ್ನು ಗೋಡೆಯಿಂದ ಕೀಳುವ ಗೋಜು ಬೇಡವೆಂದು ನಾನು ಮಂಚವನ್ನೇ ಅದರ ಕೆಳಗೆ ಎಳೆದೆ. ಆ ಹೊತ್ತಿಗೆ ಚಳಿ ಬಂದಿತ್ತು. ಆದರೂ ಅಲ್ಲೇ ಮಲಗಿದೆ.

ಅಂಗಡಿಗಳಲ್ಲಿ, ಫೋನಿನಲ್ಲಿ, ಇವರು ಎಲ್ಲರಿಗೂ ಈ ಕಥೆ ಹೇಳಿದರು. "ನಮ್ಮ ಹರಿಣಾಕ್ಷಿಯ ಪರೀಕ್ಷೆ," ಎನ್ನುತ್ತಿದ್ದರು. ಕೇಳಿ ನನಗೆ ಸುಖವಾಯಿತು. ಆದರೆ ಪ್ರತಿ ಸಲವೂ ಕೊನೆಗೆ "ಲೀಲಾ ಮೇಡಂ ಆಗ್ಲೇ ಕಂಡುಹಿಡಿದ್ರು" ಎಂದು ಸೇರಿಸುತ್ತಿದ್ದರು. ಅಲ್ಲಿಗೆ ಬಂದಾಗ ನಾನು ಪಾತ್ರೆಯ ಸದ್ದು ಮಾಡುತ್ತಿದ್ದೆ.

ಆ ಚಳಿಗಾಲದಲ್ಲಿ ಆಕೆಗೂ ಅಂಥದ್ದೇ ದೀಪ ಬೇಕಾಯಿತು. ಇವರು ಮಾಡಿದರು. ಕೂರಿಸಲು ಅಂಗಿ ಬದಲಿಸಿ ಹೊರಟರು.

"ನಿಲ್ಲಿ. ನಾನೂ ಬರ್ತೇನೆ," ಎಂದೆ.

"ನೀನ್ಯಾಕೆ? ತಂತಿ ಕೆಲಸ."

"ತಂತಿ ನಿಮ್ಮದು. ಬಟ್ಟೆ ನನ್ನದು." ಕೊಡೆಯಲ್ಲಿ ಉಳಿದಿದ್ದ ಕರಿಬಟ್ಟೆಯನ್ನು ಚೀಲಕ್ಕೆ ಹಾಕಿಕೊಂಡೆ.

ಕಿದ್ವಾಯಿ ನಗರದ ಆ ಮನೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಕ್ಕಿಂತ ಸಣ್ಣ ಮನೆ. ತೊಟ್ಟಿಯ ಮುಂದೆ ಎರಡು ಕುರ್ಚಿ, ಒಂದರ ಬೆತ್ತ ಸವೆದಿತ್ತು, ಇನ್ನೊಂದರದ್ದು ಹೊಸದರ ಹಾಗೆಯೇ ಇತ್ತು. ಇವರು ದೀಪ ಜೋಡಿಸಿ, ಸಾಕಷ್ಟು ಮೇಲಕ್ಕೆ ಎತ್ತಿ ಕಟ್ಟಿದರು. ನಾನು ಸ್ಟೂಲಿನ ಮೇಲೆ ಹತ್ತಿ, ಬಲ್ಬಿಗೆ ತಾಗದ ಹಾಗೆ, ಮೂಲೆಗೆ ಗಂಟು ಬಿಗಿದೆ.

ಆಕೆ ಸ್ಟೂಲು ಹಿಡಿದುಕೊಂಡು ನಿಂತಿದ್ದಳು. "ಇದು ಯಾರ ದೃಷ್ಟಿಗೆ?" ಎಂದು ಮೆಲ್ಲಗೆ ಕೇಳಿದಳು.

"ನನ್ನದಕ್ಕೆ," ಎಂದೆ.

ಆಮೇಲೆ ಆಕೆ ಕಾಫಿ ತಂದಳು. ಇವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಕಡೆ ನೋಡದೆ ಕುಡಿದರು. ನಾನೂ ಕುಡಿದೆ. ಕೆಟ್ಟದಾಗಿರಲಿ ಎಂದು ದಾರಿಯುದ್ದಕ್ಕೂ ಬಯಸಿದ್ದೆ. ಬಹಳ ಚೆನ್ನಾಗಿತ್ತು.